ಕಾಲೇಜಿಗೆ ಮುಂಚಿನ ಆರು ವಾರ

ಈ ಸಂಚಿಕೆಯಲ್ಲಿ ನಮ್ಮ ಕನ್ನಡ ಬಳಗದ ಕತೆ ಬರೆಯುವ ಹಿರಿಯರು ಬೇರೆ ಇದ್ದಾರೆ. ಸಂಪಾದಕರು ನನಗೆ ಒಪ್ಪಿಸಿದ್ದು, ನಾವು ಬಂದು ನೆಲೆಸಿದ ಈ ಬಾಲ್ಟಿಮೋರ್ ಸೀಮೆಯ ಯಾವುದಾದರೂ ಒಂದು ಸಂಸ್ಥೆಯ ಚರಿತ್ರೆಯನ್ನು. ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ಇದೆ, ಹಳೆಯ ಬಂದರು ಇದೆ. ಅವುಗಳ ಬಗ್ಗೆ ಬರೆಯುವವರಿಗೇನೂ ಕೊರತೆಯಿಲ್ಲ. ನಾನು ಆರಿಸಿಕೊಂಡದ್ದು ಆರು ವಾರದ ಒಂದು ಬೇಸಿಗೆ ಶಿಬಿರವನ್ನು. ಹೈಸ್ಕೂಲು ಮುಗಿಸಿ ಕಾಲೇಜಿನ ಮೊದಲ ವರ್ಷಕ್ಕೆ ಕಾಲಿಡಲಿರುವ ಹುಡುಗ ಹುಡುಗಿಯರನ್ನು ತರಗತಿ ಶುರುವಾಗುವ ಮುಂಚೆಯೇ ಕರೆಸಿಕೊಂಡು, ಒಂದೇ ಹಾಸ್ಟೆಲಿನಲ್ಲಿ ಇರಿಸಿ, ಗಣಿತ ವಿಜ್ಞಾನ ಕಲಿಸುವ ಶಿಬಿರ ಅದು. ನಾವೆಲ್ಲ ಯುಎಂಬಿಸಿ ಎಂದು ಕರೆಯುವ ಯೂನಿವರ್ಸಿಟಿ ಆಫ್ ಮೇರಿಲ್ಯಾಂಡ್, ಬಾಲ್ಟಿಮೋರ್ ಕೌಂಟಿಯ ಮೇಯರ್‌ಹಾಫ್ ಸ್ಕಾಲರ್ಸ್ ಕಾರ್ಯಕ್ರಮಕ್ಕೆ ಇದೇ ಹೆಬ್ಬಾಗಿಲು. ಹೆಸರು ಸಮ್ಮರ್ ಬ್ರಿಡ್ಜ್.

ಜುಲೈ ತಿಂಗಳಲ್ಲಿ ಆ ಕ್ಯಾಂಪಸ್ಸು ಬಿಕೋ ಎನ್ನುತ್ತಿರುತ್ತದೆ. ಹಿಲ್‌ಟಾಪ್ ಸರ್ಕಲ್ ರಸ್ತೆಯಲ್ಲಿ ಬೆಳಗಿನ ವಾಕಿಂಗಿಗೆ ಬರುವ ನನ್ನಂಥ ನಾಲ್ಕು ಜನ, ಲೈಬ್ರರಿಯ ಪಕ್ಕದ ಕೊಳದಲ್ಲಿ ಒಂದಿಷ್ಟು ಬಾತುಕೋಳಿ, ಅಷ್ಟೇ. ಕೆಲವು ವರ್ಷಗಳ ಹಿಂದೆ ಅಂಥ ಒಂದು ಬೆಳಿಗ್ಗೆ ಮಕ್ಕಳ ಒಂದು ಗುಂಪು ತಿಂಡಿಗೆ ಹೊರಟಿತ್ತು. ಹದಿನೇಳು ಹದಿನೆಂಟರ ವಯಸ್ಸು. ಒಬ್ಬರ ಕೈಯಲ್ಲೂ ಫೋನಿರಲಿಲ್ಲ. ಮುಂದೆ ನಡೆಯುತ್ತಿದ್ದ ಹುಡುಗಿ ಹಿಂದಕ್ಕೆ ತಿರುಗಿ, ಹಿಂಹೆಜ್ಜೆ ಹಾಕುತ್ತಲೇ, ಬೆರಳಿನಿಂದ ಗಾಳಿಯಲ್ಲಿ ಒಂದು ಗ್ರಾಫ್ ಎಳೆದು ಗೆಳೆಯನಿಗೆ ತೋರಿಸುತ್ತಿದ್ದಳು. ಅವನು ತಲೆ ಅಲ್ಲಾಡಿಸಿ ಅದರ ಮೇಲೆಯೇ ಇನ್ನೊಂದು ಗೆರೆ ಎಳೆದ. ಇಬ್ಬರೂ ನಿಂತರು, ಹಿಂದಿದ್ದವರೆಲ್ಲ ನಿಂತರು. ಇಲ್ಲದ ಕರಿಹಲಗೆಯನ್ನು ಅಷ್ಟು ಜನ ಸೇರಿ ದಿಟ್ಟಿಸಿ ನೋಡುತ್ತಿದ್ದ ಆ ನೋಟವೇ ನನ್ನನ್ನು ಈ ಸಂಸ್ಥೆಯ ಚರಿತ್ರೆಯ ಬೆನ್ನು ಹತ್ತುವಂತೆ ಮಾಡಿತು.

ಬ್ರಿಡ್ಜ್ ಕೋರ್ಸ್ ಎಂಬ ಮಾತು ಕರ್ನಾಟಕದಿಂದ ಬಂದ ನಮಗೆ ಹೊಸದಲ್ಲ. ಡಿಪ್ಲೊಮಾ ಮುಗಿಸಿ ನೇರವಾಗಿ ಎರಡನೇ ವರ್ಷದ ಬಿಇಗೆ ಸೇರುವವರಿಗೆ ಗಣಿತದ ಬ್ರಿಡ್ಜ್ ಕೋರ್ಸ್ ಇರುತ್ತದೆ. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮಾಡಿ ಪಿಯುಸಿ ಸೈನ್ಸಿಗೆ ಬಂದವರನ್ನು ಕೂರಿಸಿಕೊಂಡು ಒಂದಷ್ಟು ದಿನ ಇಂಗ್ಲಿಷ್ ಪದಗಳನ್ನು ರೂಢಿ ಮಾಡಿಸುವ ಮೇಷ್ಟ್ರುಗಳೂ ಉಂಟು. ಹಾಗಾಗಿ ಬ್ರಿಡ್ಜ್ ಎಂದ ಕೂಡಲೇ ಹಿಂದೆ ಬಿದ್ದವರನ್ನು ಎತ್ತಿ ಸಾಲಿಗೆ ಸೇರಿಸುವ ಪಾಠ ಎಂದೇ ನಮ್ಮ ಮನಸ್ಸಿಗೆ ಬರುತ್ತದೆ. ಯುಎಂಬಿಸಿಯ ಬ್ರಿಡ್ಜ್ ಅಂಥದ್ದಲ್ಲ. ಅಲ್ಲಿಗೆ ಬರುವವರು ತಮ್ಮ ತಮ್ಮ ಹೈಸ್ಕೂಲುಗಳಲ್ಲಿ ಮೊದಲ ಬೆಂಚಿನವರು, ಗಣಿತದಲ್ಲಿ ಒಳ್ಳೆಯ ಅಂಕ ತೆಗೆದವರು. ಇಂಥವರಿಗೆ ಸೇತುವೆ ಯಾಕೆ ಬೇಕು? ಉತ್ತರ ಸಿಗಬೇಕಾದರೆ ಮೊದಲು ಈ ದೇಶದ ಆಚೆ ದಡಕ್ಕೆ, ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ ಹೋಗಬೇಕು.

ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ 1970ರ ದಶಕದ ನಡುವೆ ಯೂರಿ ಟ್ರೀಸ್ಮನ್ ಎಂಬ ಸಂಶೋಧನಾ ವಿದ್ಯಾರ್ಥಿ ಇದ್ದರು. ಗಣಿತ ವಿಭಾಗದಲ್ಲಿ ಪಾಠ ಮಾಡುವ ಸಹಾಯಕರಿಗೆ ತರಬೇತಿ ಕೊಡುವುದು ಅವರ ಕೆಲಸಗಳಲ್ಲಿ ಒಂದು. ಮೊದಲ ವರ್ಷದ ಕ್ಯಾಲ್ಕುಲಸ್ಸಿನಲ್ಲಿ ಕಪ್ಪು ಜನಾಂಗದ ಮಕ್ಕಳು ಸಾಲುಸಾಲಾಗಿ ಫೇಲಾಗುತ್ತಿದ್ದರು, ಚೀನೀ ಮೂಲದ ಮಕ್ಕಳು ಮೇಲೆ ಬರುತ್ತಿದ್ದರು. ಯಾಕೆ ಹೀಗೆ ಎಂದು ಅವರು ಅಧ್ಯಾಪಕರನ್ನು ಕೇಳಿದರು. ಬಂದ ಉತ್ತರಗಳು ನಾವೂ ಎಲ್ಲೆಲ್ಲೋ ಕೇಳಿದಂಥವೇ: ಅವರಿಗೆ ಓದುವ ಹಟ ಕಡಿಮೆ, ತಳಪಾಯ ಗಟ್ಟಿಯಿಲ್ಲ, ಮನೆಯಲ್ಲಿ ಓದಿನ ವಾತಾವರಣವಿಲ್ಲ, ಬಡತನ. ಟ್ರೀಸ್ಮನ್ ಈ ಉತ್ತರಗಳನ್ನು ನಂಬಿ ಸುಮ್ಮನೆ ಕೂರಲಿಲ್ಲ. ಎರಡೂ ಕಡೆಯಿಂದ ಇಪ್ಪತ್ತಿಪ್ಪತ್ತು ಮಕ್ಕಳನ್ನು ಆರಿಸಿಕೊಂಡು ಅವರ ಜೊತೆ ಓಡಾಡಿದರು. ಹಾಸ್ಟೆಲಿಗೆ ಹೋದರು, ಲೈಬ್ರರಿಗೆ ಹೋದರು, ಮನೆಯವರನ್ನು ಮಾತಾಡಿಸಿದರು.

ಅಧ್ಯಾಪಕರ ವಿವರಣೆಗಳಲ್ಲಿ ಒಂದೂ ನಿಲ್ಲಲಿಲ್ಲ. ಫೇಲಾದ ಮಕ್ಕಳ ಮನೆಗಳಲ್ಲಿ ಓದಿಗೆ ಬೆಲೆ ಇತ್ತು. ಹೈಸ್ಕೂಲಿನಲ್ಲಿ ಅವರು ಜಾಣರೆನಿಸಿಕೊಂಡವರೇ. ಅಷ್ಟೇ ಅಲ್ಲ, ಗಣಿತದ ಪ್ರವೇಶ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದಿದ್ದ ಕೆಲವರೇ ಎಲ್ಲರಿಗಿಂತ ಮುಂಚೆ ಮುಗ್ಗರಿಸಿದ್ದರು. ಅವರಿಗೂ ಚೀನೀ ಮಕ್ಕಳಿಗೂ ನಿಜವಾದ ವ್ಯತ್ಯಾಸ ಕಂಡದ್ದು ರಾತ್ರಿ ಹೊತ್ತು. ಕಪ್ಪು ಮಕ್ಕಳು ಒಂದು ಗಂಟೆ ಪಾಠಕ್ಕೆ ಎರಡು ಗಂಟೆ ಓದಬೇಕೆಂದು ಹೇಳಿದ್ದನ್ನು ಅಕ್ಷರಶಃ ಪಾಲಿಸುತ್ತಿದ್ದರು; ವಾರಕ್ಕೆ ಎಂಟು ಗಂಟೆ, ಕೋಣೆಯ ಬಾಗಿಲು ಹಾಕಿಕೊಂಡು, ಒಬ್ಬೊಬ್ಬರೇ. ಇಪ್ಪತ್ತರಲ್ಲಿ ಹದಿನೆಂಟು ಮಂದಿ ಸಹಪಾಠಿಗಳ ಜೊತೆ ಕೂತು ಓದಿದ್ದೇ ಇಲ್ಲ. ಪರೀಕ್ಷೆಯ ಫಲಿತಾಂಶ ಬಂದಾಗ ಅವರಿಗೆ ಅದು ಸಿಡಿಲು. ತಾವು ಮಾಡಿದ್ದು ಸರಿಯೆಂದೇ ನಂಬಿದ್ದರು. ಚೀನೀ ಮಕ್ಕಳೂ ಒಬ್ಬೊಬ್ಬರೇ ಓದುತ್ತಿದ್ದರು, ಆದರೆ ಅಲ್ಲಿಗೆ ಬಿಡುತ್ತಿರಲಿಲ್ಲ. ಸಂಜೆ ಸೇರಿ ಅಡುಗೆ ಮಾಡಿ ಉಂಡು, ಆಮೇಲೆ ಮೇಜಿನ ಸುತ್ತ ಕೂತು ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಿದ್ದುತ್ತಿದ್ದರು. ನಿನಗೆ ಬಂತಾ, ನನಗೆ ಬರಲಿಲ್ಲ, ಹಾಗಾದರೆ ಪ್ರಶ್ನೆಯೇ ಕಷ್ಟದ್ದು. ಯಾರದೋ ಅಣ್ಣನೋ ದೊಡ್ಡಪ್ಪನ ಮಗನೋ ಬಂದು ಹಳೆಯ ಪ್ರಶ್ನೆಪತ್ರಿಕೆ ಹಿಡಿದು ಪರೀಕ್ಷೆ ಮಾಡುತ್ತಿದ್ದ. ತರಗತಿಯಲ್ಲಿ ತಾನು ಎಷ್ಟನೆಯವನು, ಯಾವ ಲೆಕ್ಕದಲ್ಲಿ ತಾನು ಕುಂಟುತ್ತೇನೆ ಎಂಬುದು ಒಬ್ಬೊಬ್ಬನಿಗೂ ಗೊತ್ತಿತ್ತು.

ಇದನ್ನು ಓದಿದಾಗ ನನಗೆ ಹೊಳೆದದ್ದು ಒಂದೇ ಪದ: ಕಂಬೈನ್ಡ್ ಸ್ಟಡಿ. ಪರೀಕ್ಷೆ ಹತ್ತಿರ ಬಂತೆಂದರೆ ಮನೆಯಲ್ಲಿ ಹೇಳಿ ಗೆಳೆಯನ ಮನೆಯ ಮಹಡಿಗೆ ಹೋಗುವುದು, ಅವನ ಅಮ್ಮ ರಾತ್ರಿ ಹನ್ನೊಂದಕ್ಕೆ ಕಾಫಿ, ಚಕ್ಕುಲಿ ತಂದಿಡುವುದು. ನಾವು ಅದನ್ನು ಒಂದು ವಿದ್ಯೆ ಎಂದು ಎಣಿಸಲೇ ಇಲ್ಲ. ಆದರೆ ಅದು ಎಲ್ಲರಿಗೂ ಸಿಗುವಂಥದ್ದಲ್ಲ ಎಂಬುದು ನನಗೆ ಸ್ವಂತ ಅನುಭವದಿಂದ ಗೊತ್ತು. ಹಳ್ಳಿಯ ಕನ್ನಡ ಶಾಲೆಯಲ್ಲಿ ಗಣಿತಕ್ಕೆ ನಾನೇ ಮೊದಲಿಗ. ಪಟ್ಟಣದ ಕಾಲೇಜಿಗೆ ಪಿಯುಸಿಗೆ ಸೇರಿದ ಮೊದಲ ಟೆಸ್ಟಿನಲ್ಲಿ ಐವತ್ತಕ್ಕೆ ಹನ್ನೊಂದು ಬಂತು. ಉತ್ತರಪತ್ರಿಕೆಯನ್ನು ನಾಲ್ಕಾಗಿ ಮಡಿಸಿ ಟ್ರಂಕಿನ ತಳದಲ್ಲಿ, ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ ಡಬ್ಬಿಯ ಕೆಳಗೆ ಇಟ್ಟೆ. ಮೇಷ್ಟ್ರನ್ನು ಕೇಳಲಿಲ್ಲ, ಪಕ್ಕದವನನ್ನೂ ಕೇಳಲಿಲ್ಲ. ಕೇಳಿದರೆ ಗೊತ್ತಿಲ್ಲ ಎನ್ನುವುದು ಗೊತ್ತಾಗಿಬಿಡುತ್ತದಲ್ಲ! ಮೂರು ತಿಂಗಳು ಹಾಗೇ ಕಳೆಯಿತು. ಕೊನೆಗೆ ಹಾಸ್ಟೆಲಿನ ಹಿರಿಯ ವಿದ್ಯಾರ್ಥಿಯೊಬ್ಬರು ತಾವಾಗಿಯೇ ಕರೆದು, ಬಾ, ಇಲ್ಲಿ ಕೂತ್ಕೋ ಎಂದರು. ಆ ರಾತ್ರಿ ಆ ಕೋಣೆಯಲ್ಲಿ ಇನ್ನೂ ಐವರಿದ್ದರು. ಅವರಲ್ಲಿ ಮೂವರಿಗೆ ನನಗಿಂತ ಕಡಿಮೆ ಬಂದಿತ್ತು. ಅಂಥ ಒಬ್ಬ ಅಣ್ಣ ಸಿಕ್ಕದೆ ಹೋಗಿದ್ದರೆ ನಾನು ಊರಿಗೆ ವಾಪಸ್ ಹೋಗುತ್ತಿದ್ದೆ. ಹಾಗೆ ಹೋದವರನ್ನು ನಾನು ಕಂಡಿದ್ದೇನೆ. ಹೇಗೆ ಓದಬೇಕು ಎಂಬ ತಿಳಿವು ಜಮೀನಿನ ಹಾಗೆ, ಇದ್ದ ಮನೆಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಬರುತ್ತದೆ, ಇಲ್ಲದವರಿಗೆ ಯಾರಾದರೂ ಕೊಡಬೇಕಾಗುತ್ತದೆ.

ಟ್ರೀಸ್ಮನ್ 1978ರಲ್ಲಿ ಬರ್ಕ್ಲಿಯಲ್ಲಿ ಗಣಿತದ ವರ್ಕ್‌ಶಾಪ್ ಶುರು ಮಾಡಿದರು. ಅದಕ್ಕೆ ಆಸರೆಯಾಗಿದ್ದ ಕಾರ್ಯಕ್ರಮದ ಹಿಂದೆ ಲಿಯಾನ್ ಹೆಂಕಿನ್ ಎಂಬ ತರ್ಕಶಾಸ್ತ್ರಜ್ಞರ ಶ್ರಮವಿತ್ತು. ಹೆಂಕಿನ್ ಮತ್ತು ಸಂಖ್ಯಾಶಾಸ್ತ್ರದ ದಿಗ್ಗಜ ಯೆರ್ಜಿ ನೇಮನ್ 1960ರ ದಶಕದಲ್ಲೇ ಬಡ ಮಕ್ಕಳನ್ನು ಬೇಸಿಗೆಯಲ್ಲಿ ಕ್ಯಾಂಪಸ್ಸಿಗೆ ತಂದು ಗಣಿತ ಕಲಿಸುವ ಕೆಲಸಕ್ಕೆ ಕೈಹಾಕಿದ್ದರು. ಟ್ರೀಸ್ಮನ್ನರ ವರ್ಕ್‌ಶಾಪಿನ ಗುಟ್ಟು ಎರಡು. ಒಂದು, ಅದಕ್ಕೆ ದಡ್ಡರ ತರಗತಿ ಎಂಬ ಹಣೆಪಟ್ಟಿ ಅಂಟಿಸಲಿಲ್ಲ, ಜಾಣರಿಗೆ ಕೊಟ್ಟ ಆಹ್ವಾನವಾಗಿ ನಡೆಸಿದರು. ಎರಡು, ಅಲ್ಲಿ ಕೊಡುತ್ತಿದ್ದ ಲೆಕ್ಕಗಳು ತರಗತಿಯದಕ್ಕಿಂತ ಸುಲಭವಲ್ಲ, ಕಷ್ಟ. ಒಬ್ಬನಿಂದ ಆಗದಷ್ಟು ಕಷ್ಟ. ಹಾಗಾಗಿ ಪಕ್ಕದವನ ಕಡೆ ತಿರುಗಲೇಬೇಕು. ಫಲಿತಾಂಶ ತಿರುಗಿ ನಿಂತಿತು. ಲೂಯಿಸಿಯಾನಾದ ಝೇವಿಯರ್ ವಿಶ್ವವಿದ್ಯಾಲಯದಲ್ಲೂ ಅದೇ ದಶಕದಲ್ಲಿ ಹೊಸ ವಿದ್ಯಾರ್ಥಿಗಳಿಗೆ 'ಸೋರ್' ಎಂಬ ಬೇಸಿಗೆ ಶಿಬಿರ ನಡೆಯಿತು. ಅಲ್ಲಿ ಇಬ್ಬಿಬ್ಬರನ್ನು ಜೋಡಿ ಮಾಡಿ, ಒಬ್ಬರು ಲೆಕ್ಕ ಬಿಡಿಸುತ್ತ ತಲೆಯಲ್ಲಿ ಓಡುವುದನ್ನೆಲ್ಲ ಗಟ್ಟಿಯಾಗಿ ಹೇಳಬೇಕು, ಇನ್ನೊಬ್ಬರು ಕೇಳುತ್ತ ತಪ್ಪು ಹಿಡಿಯಬೇಕು ಎಂಬ ಪದ್ಧತಿ.

ಈಗ ನಮ್ಮ ಊರಿಗೆ ಬರೋಣ.

ಯುಎಂಬಿಸಿ ಬಾಗಿಲು ತೆರೆದದ್ದು 1966ರಲ್ಲಿ, ಏಳುನೂರೈವತ್ತರಷ್ಟು ವಿದ್ಯಾರ್ಥಿಗಳೊಂದಿಗೆ. ಕೇಟನ್ಸ್‌ವಿಲ್ ಬಳಿಯ ಹೊಲಗಳ ನಡುವೆ ಎದ್ದ ಹೊಸ ಕಾಲೇಜು ಅದು. ದಕ್ಷಿಣದ ಹಳೆಯ ವಿಶ್ವವಿದ್ಯಾಲಯಗಳಂತೆ ಕಪ್ಪು ಜನಾಂಗದವರನ್ನು ಹೊರಗಿಟ್ಟ ಇತಿಹಾಸ ಅದಕ್ಕಿರಲಿಲ್ಲ, ಮೊದಲ ದಿನದಿಂದಲೂ ಎಲ್ಲರಿಗೂ ಪ್ರವೇಶ. ಆದರೂ ವಿಜ್ಞಾನಕ್ಕೆ ಸೇರಿದ ಕಪ್ಪು ಮಕ್ಕಳು ಒಂದೆರಡು ವರ್ಷದಲ್ಲಿ ಅದನ್ನು ಬಿಟ್ಟು ಬೇರೆ ವಿಷಯಕ್ಕೆ ಹೋಗುವುದು ಇಲ್ಲಿಯೂ ಮಾಮೂಲಾಗಿತ್ತು. ಮೊದಲ ವರ್ಷದ ಕ್ಯಾಲ್ಕುಲಸ್, ರಸಾಯನಶಾಸ್ತ್ರಗಳನ್ನು ಈ ದೇಶದಲ್ಲಿ 'ವೀಡ್ ಔಟ್' ಕೋರ್ಸ್ ಎನ್ನುತ್ತಾರೆ, ಅಂದರೆ ಕಳೆ ಕೀಳುವ ಕೋರ್ಸ್. ಹೊಲದಲ್ಲಿ ಕೆಲಸ ಮಾಡಿದ ಯಾರಿಗಾದರೂ ಗೊತ್ತು, ಎಳೆಯದರಲ್ಲಿ ಕಳೆಯೂ ಪೈರೂ ಒಂದೇ ಥರ ಕಾಣುತ್ತದೆ; ಆತುರದ ಕೈ ಪೈರನ್ನೇ ಕಿತ್ತಿರುತ್ತದೆ.

1987ರಲ್ಲಿ ಫ್ರೀಮನ್ ಹ್ರಬೌಸ್ಕಿ ಇಲ್ಲಿಗೆ ಆಡಳಿತದ ಹುದ್ದೆಗೆ ಬಂದರು. ಅವರು ಹುಟ್ಟಿದ್ದು 1950ರಲ್ಲಿ, ಅಲಬಾಮಾದ ಬರ್ಮಿಂಗ್‌ಹ್ಯಾಮಿನಲ್ಲಿ. ತಾಯಿ ಶಾಲಾ ಶಿಕ್ಷಕಿ, ಇಂಗ್ಲಿಷ್ ಕಲಿಸುತ್ತಿದ್ದವರು ಆಮೇಲೆ ಗಣಿತವನ್ನೂ ಕಲಿಸಿದರು. ಮಗನಿಗೆ ಗಣಿತವೆಂದರೆ ಪ್ರಾಣ. ಒಳ್ಳೆಯ ಲೆಕ್ಕ ಕಂಡರೆ ಮೈಯಲ್ಲಿ ರೋಮಾಂಚನವಾಗುತ್ತದೆ ಎಂದು ಅವರು ಈ ವಯಸ್ಸಿನಲ್ಲೂ ಹೇಳುತ್ತಾರೆ. ಹನ್ನೆರಡರ ವಯಸ್ಸಿನಲ್ಲಿ, ತಂದೆತಾಯಿಯ ಬಲವಂತಕ್ಕೆ ಚರ್ಚಿನ ಹಿಂದಿನ ಸಾಲಿನಲ್ಲಿ ಲೆಕ್ಕ ಮಾಡುತ್ತ ಕೂತಿದ್ದ ಹುಡುಗನ ಕಿವಿಗೆ ವೇದಿಕೆಯ ಮಾತು ಬಿತ್ತು. ಮಕ್ಕಳೂ ಮೆರವಣಿಗೆಗೆ ಬಂದರೆ ಅವರಿಗೂ ಒಳ್ಳೆಯ ಶಾಲೆಗೆ ಹೋಗುವ ದಿನ ಬರುತ್ತದೆ ಎನ್ನುತ್ತಿದ್ದವರು ಮಾರ್ಟಿನ್ ಲೂಥರ್ ಕಿಂಗ್. 1963ರ ಮೇ ತಿಂಗಳ ಆ ಮಕ್ಕಳ ಮೆರವಣಿಗೆಯಲ್ಲಿ ಹುಡುಗ ನಡೆದ. ಐದು ದಿನ ಸೆರೆಯಲ್ಲಿದ್ದ. ಮುಂದೆ ಹ್ಯಾಂಪ್ಟನ್ ಸಂಸ್ಥೆಯಲ್ಲಿ ಹತ್ತೊಂಬತ್ತಕ್ಕೇ ಗಣಿತದ ಪದವಿ, ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಗಣಿತದ ಎಂಎ, ಇಪ್ಪತ್ತನಾಲ್ಕಕ್ಕೆ ಪಿಎಚ್‌ಡಿ. ಇಲಿನಾಯ್‌ನ ಗಣಿತದ ತರಗತಿಗಳಲ್ಲಿ ಎಷ್ಟೋ ಸಲ ತಾವೊಬ್ಬರೇ ಕಪ್ಪು ವಿದ್ಯಾರ್ಥಿಯಾಗಿ ಕೂರುತ್ತಿದ್ದರು. ಆ ಒಂಟಿತನದ ರುಚಿ ಅವರಿಗೆ ಗೊತ್ತಿತ್ತು.

ಬಾಲ್ಟಿಮೋರಿನ ಉದ್ಯಮಿ, ಕಲಾಸಂಗ್ರಾಹಕ ರಾಬರ್ಟ್ ಮೇಯರ್‌ಹಾಫ್ ಅವರಿಗೆ ಆ ದಿನಗಳಲ್ಲಿ ಒಂದು ಪ್ರಶ್ನೆ ಕಾಡುತ್ತಿತ್ತು: ಟಿವಿಯಲ್ಲಿ ಕಪ್ಪು ಯುವಕರನ್ನು ಒಂದೋ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ತೋರಿಸುತ್ತಾರೆ, ಇಲ್ಲವೇ ಪೊಲೀಸರ ಕೈಯಲ್ಲಿ, ಬೇರೆ ಚಿತ್ರ ಯಾಕಿಲ್ಲ? ಏನಾದರೂ ಮಾಡಬೇಕೆಂದಿದ್ದ ಅವರು, ವಿಜ್ಞಾನದ ಕಪ್ಪು ವಿದ್ಯಾರ್ಥಿಗಳಿಗಾಗಿ ಹಣ ಹುಡುಕುತ್ತಿದ್ದ ಹ್ರಬೌಸ್ಕಿ, ಇಬ್ಬರೂ ಭೇಟಿಯಾದರು. ರಾಬರ್ಟ್ ಮತ್ತು ಅವರ ಪತ್ನಿ ಜೇನ್ ಕೊಟ್ಟ ದೇಣಿಗೆಯಿಂದ 1988ರಲ್ಲಿ ಕಾರ್ಯಕ್ರಮ ಸ್ಥಾಪನೆಯಾಯಿತು. 1989ರಲ್ಲಿ ಮೊದಲ ತಂಡ ಬಂತು: ಹತ್ತೊಂಬತ್ತು ಹುಡುಗರು. ಆ ತಂಡಕ್ಕೆ ಎಂ-1 ಎಂದು ಹೆಸರು. ಮರುವರ್ಷವೇ ಹುಡುಗಿಯರಿಗೂ ಬಾಗಿಲು ತೆರೆಯಿತು. ತೆರೆಯದಿದ್ದರೆ ಅನ್ಯಾಯವಾಗುತ್ತಿತ್ತು ಎನ್ನದೆ ನಿರ್ವಾಹವಿಲ್ಲ. ಅಂದಿನಿಂದ ಎಂ-2, ಎಂ-3 ಎಂದು ಎಣಿಕೆ ನಡೆದೇ ಇದೆ. ಈ ಊರಿನ ಯಾವ ಪ್ರಯೋಗಾಲಯದಲ್ಲಾದರೂ ಇಬ್ಬರು ಅಪರಿಚಿತರು ಒಬ್ಬರಿಗೊಬ್ಬರು ತಮ್ಮ 'ಎಂ' ಹೇಳಿಕೊಂಡರೆ ಸಾಕು, ಅಣ್ಣತಮ್ಮಂದಿರ ಸಲಿಗೆ ಬಂದುಬಿಡುತ್ತದೆ.

ಹಣ ಕೊಟ್ಟು ಓದಿಸುವ ಸ್ಕಾಲರ್‌ಶಿಪ್ಪುಗಳು ಲೆಕ್ಕವಿಲ್ಲದಷ್ಟಿವೆ. ಇದಕ್ಕೆ ಬೆನ್ನೆಲುಬು ಆ ಆರು ವಾರ. ಹೈಸ್ಕೂಲಿನ ಕೊನೆಯ ಗಂಟೆ ಬಾರಿಸಿದ ಕೆಲವೇ ವಾರಗಳಲ್ಲಿ ಮಕ್ಕಳು ಪೆಟ್ಟಿಗೆ ಸಮೇತ ಹಾಸ್ಟೆಲಿಗೆ ಬರುತ್ತಾರೆ. ಫೋನ್ ದೂರ ಇಡಬೇಕು. ಹೇಳಿದ ಸಮಯಕ್ಕೆ ಮುಂಚೆ ಅಲ್ಲಿರಬೇಕು. ಗಣಿತ, ವಿಜ್ಞಾನದ ಜೊತೆ ಮಾನವಿಕ ವಿಷಯದ ಪಾಠವೂ ಇದೆ. ಆಫ್ರಿಕನ್ ಅಮೆರಿಕನ್ನರ ಚರಿತ್ರೆ ಓದಿಸುತ್ತಾರೆ. ಸಂಜೆ ಗುಂಪಾಗಿ ಕೂತು ಲೆಕ್ಕ ಬಿಡಿಸುವುದು ಕಡ್ಡಾಯ. ಕೆಲವರು ಇದನ್ನು ಸೈನ್ಯದ ತರಬೇತಿಗೆ ಹೋಲಿಸಿದ್ದಾರೆ. ಆ ಹೋಲಿಕೆ ನನಗೆ ಸರಿಕಾಣುವುದಿಲ್ಲ. ಮೇಲೆ ಕಾಣುವ ಶಿಸ್ತು ಹಾಗಿರಬಹುದು. ಆದರೆ ಸೈನ್ಯದಲ್ಲಿ ಪ್ರಶ್ನೆ ಕೇಳಬಾರದು, ಇಲ್ಲಿ ಕೇಳದವರನ್ನು ಬಿಡುವುದಿಲ್ಲ. ನನಗಿದು ನಮ್ಮ ಕಡೆಯ ಮಠದ ಉಚಿತ ವಿದ್ಯಾರ್ಥಿನಿಲಯಗಳನ್ನು ನೆನಪಿಸುತ್ತದೆ. ಬೆಳಗಿನ ಗಂಟೆ, ಒಟ್ಟಿಗೆ ಊಟ, ಒಟ್ಟಿಗೆ ಓದು, ಹಿರಿಯನ ಕೈಕೆಳಗೆ ಕಿರಿಯ.

ಒಟ್ಟಿಗೆ ಕೂತಾಗ ನಡೆಯುವುದೇನು ಎಂಬುದನ್ನು ಒಂದು ಲೆಕ್ಕದ ಮೂಲಕವೇ ತೋರಿಸಬೇಕು. ಲೆಕ್ಕ ನನ್ನದು, ಆದರೆ ಇಂಥ ಓದುಗುಂಪಿಗೆ ಹೇಳಿಮಾಡಿಸಿದ ಜಾತಿಯದು. ಒಂದು ಉದ್ದನೆಯ ಗೆರೆಯ ಮೇಲೆ ಸಂಖ್ಯೆಗಳನ್ನು ಗುರುತಿಸಿ. ಒಂದೊಂದು ಸಂಖ್ಯೆಯ ಮೇಲೆ ಅದರ ವರ್ಗದಷ್ಟು ಎತ್ತರದಲ್ಲಿ ಚುಕ್ಕಿ ಇಡಿ: ಒಂದರ ಮೇಲೆ ಒಂದು, ಎರಡರ ಮೇಲೆ ನಾಲ್ಕು, ಮೂರರ ಮೇಲೆ ಒಂಬತ್ತು, ಎಡಗಡೆಯ ಋಣ ಸಂಖ್ಯೆಗಳಿಗೂ ಹಾಗೆಯೇ. ಚುಕ್ಕಿಗಳನ್ನು ಸೇರಿಸಿದರೆ ಒಂದು ಬಟ್ಟಲು, ಅದೇ ಪರವಲಯ. ಬಟ್ಟಲಿನ ತಳದಿಂದ ಒಂದು ಮಾನ ಕೆಳಗೆ ಒಂದು ಬಿಂದು ಇದೆ. ಆ ಬಿಂದುವಿನಿಂದ ಬಟ್ಟಲಿಗೆ ಎಷ್ಟು ಸ್ಪರ್ಶಕಗಳನ್ನು ಎಳೆಯಬಹುದು?

ಒಂಟಿಯಾಗಿ ಕೂತ ಜಾಣ ಹುಡುಗ ಸೂತ್ರ ಬರೆದು ಅವಕಲನ ಮಾಡಿ ಉತ್ತರ ತೆಗೆಯುತ್ತಾನೆ. ಒಂದರ ಮೇಲೆ ಮುಟ್ಟುವುದು ಒಂದು, ಋಣ ಒಂದರ ಮೇಲೆ ಮುಟ್ಟುವುದು ಇನ್ನೊಂದು, ಒಟ್ಟು ಎರಡು. ಪುಸ್ತಕ ಮುಚ್ಚಿದ, ಮಲಗಿದ. ನಾಲ್ವರು ಕೂತರೆ ಹಾಗೆ ಮುಗಿಯುವುದಿಲ್ಲ. ಒಬ್ಬಳಿಗೆ ಸೂತ್ರ ಮರೆತಿದೆ, ಚಿತ್ರ ಬರೆಯುತ್ತಾಳೆ. ಇನ್ನೊಬ್ಬ ಸ್ಕೇಲನ್ನು ಬಿಂದುವಿನ ಮೇಲಿಟ್ಟು ತಿರುಗಿಸಿ ತಿರುಗಿಸಿ ನೋಡುತ್ತಾನೆ. ಸ್ಕೇಲು ಬಟ್ಟಲನ್ನು ಒಮ್ಮೆ ಕತ್ತರಿಸುತ್ತದೆ, ಒಮ್ಮೆ ತಪ್ಪಿಸಿಕೊಳ್ಳುತ್ತದೆ, ನಡುವೆ ಎಡಕ್ಕೊಂದು, ಬಲಕ್ಕೊಂದು ಸ್ಥಿತಿಯಲ್ಲಿ ಮಾತ್ರ ಸವರಿಕೊಂಡು ಹೋಗುತ್ತದೆ. ಮೂರನೆಯವಳು ಕೇಳುತ್ತಾಳೆ, ಬಿಂದುವನ್ನು ಮೇಲೆತ್ತಿದರೆ? ಬಟ್ಟಲಿನ ಗೆರೆಯ ಮೇಲೆಯೇ ಇಟ್ಟರೆ? ಒಂದೇ ಸ್ಪರ್ಶಕ. ಇನ್ನೂ ಮೇಲೆ, ಬಟ್ಟಲಿನ ಒಳಗೆ, ಪಾಯಸ ಇರುವ ಜಾಗದಲ್ಲಿ ಇಟ್ಟರೆ? ಸೂತ್ರ ಹಾಕಿದವನು ಹಾಕಿ ನೋಡುತ್ತಾನೆ, ಋಣ ಸಂಖ್ಯೆಯ ವರ್ಗಮೂಲ ಬಂದು ಲೆಕ್ಕ ಕೈಕೊಡುತ್ತದೆ. ಸ್ಕೇಲಿನವನು ನಗುತ್ತಾನೆ; ಒಳಗಿನಿಂದ ಹೇಗೆ ಎಳೆದರೂ ಗೆರೆ ಬಟ್ಟಲನ್ನು ಕತ್ತರಿಸಿಯೇ ತೀರುತ್ತದೆ, ಸವರಲು ಸಾಧ್ಯವೇ ಇಲ್ಲ. ಋಣ ಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದು, ಒಳಗಿನಿಂದ ಸ್ಪರ್ಶಕವಿಲ್ಲ ಎಂಬ ಕಣ್ಣಿಗೆ ಕಾಣುವ ಸಂಗತಿ, ಎರಡೂ ಒಂದೇ ಎಂದು ಆ ಮೇಜಿನ ಮೇಲೆ ತಿಳಿಯುತ್ತದೆ. ಅದನ್ನು ತಿಳಿಸಿದ್ದು ಸೂತ್ರ ಮರೆತವಳ ಚಿತ್ರ. ಮರೆತದ್ದನ್ನು ಮುಚ್ಚಿಟ್ಟುಕೊಂಡು ಅವಳು ಕೋಣೆಯಲ್ಲಿ ಒಬ್ಬಳೇ ಕೂತಿದ್ದರೆ ಅವಳಿಗೂ ನಷ್ಟ, ಉತ್ತರ ಬಂದಿದ್ದ ಆ ಜಾಣನಿಗೂ ನಷ್ಟ.

ಕಾರ್ಯಕ್ರಮದ ಇನ್ನೊಂದು ನಿಯಮ ಹೊರಗಿನವರಿಗೆ ವಿಚಿತ್ರವಾಗಿ ಕಾಣುತ್ತದೆ. ಮೊದಲ ವರ್ಷದ ಕ್ಯಾಲ್ಕುಲಸ್ಸಿನಲ್ಲಿ ಸಿ ಗ್ರೇಡು ಬಂದರೆ, ಪಾಸಾಗಿದ್ದರೂ, ಅದೇ ಕೋರ್ಸನ್ನು ಮತ್ತೊಮ್ಮೆ ಮಾಡು ಎನ್ನುತ್ತಾರೆ. ನಮ್ಮ ಕಾಲದಲ್ಲಿ ಮೂವತ್ತೈದು ಬಂದರೆ ದೇವರಿಗೆ ಕಾಯಿ ಒಡೆಸುತ್ತಿದ್ದೆವು. ಮುಂದಿನ ವರ್ಷ ಆ ಮೂವತ್ತೈದೇ ಕಾಲಿಗೆ ತೊಡರುತ್ತಿತ್ತು. ಗಣಿತ ಏಣಿಯ ಹಾಗೆ, ಅಲುಗಾಡುವ ಮೆಟ್ಟಿಲ ಮೇಲೆ ನಿಂತು ಮುಂದಿನದಕ್ಕೆ ಕಾಲಿಡಬಾರದು ಎಂಬುದು ಇಲ್ಲಿನವರ ನಂಬಿಕೆ. ಮರುಓದು ಇಲ್ಲಿ ಅವಮಾನವಲ್ಲ, ಯಾಕೆಂದರೆ ಹಾಗೆ ಮಾಡಿದ ಹಿರಿಯರು ಕಣ್ಣೆದುರಿಗೇ ಇರುತ್ತಾರೆ. ಕಾಲೇಜಿನ ಮೊದಲ ದಿನ ಎಡಗಡೆ ನೋಡು, ಬಲಗಡೆ ನೋಡು, ನಿಮ್ಮಲ್ಲೊಬ್ಬ ಪದವಿ ತನಕ ಉಳಿಯುವುದಿಲ್ಲ ಎಂದು ಹೆದರಿಸುವ ಹಳೆಯ ರೂಢಿ ಈ ದೇಶದಲ್ಲಿತ್ತು. ಹ್ರಬೌಸ್ಕಿ ಅದನ್ನು ತಿರುಗಿಸಿ, ಎಡದವನೂ ಬಲದವನೂ ಪದವಿ ಪಡೆಯುವಂತೆ ನೋಡಿಕೊಳ್ಳುವುದು ನಿನ್ನ ಕೆಲಸ, ನಮ್ಮ ಕೆಲಸ ಎಂದು ಹೇಳುತ್ತ ಬಂದರು.

ಕಾರ್ಯಕ್ರಮದ ದಾರಿ ತಿರುಗಿದ್ದು ಕೋರ್ಟಿನಿಂದ. ಅದೂ ಯುಎಂಬಿಸಿಯ ಮೇಲಿನ ದಾವೆಯಲ್ಲ. ಕಾಲೇಜ್ ಪಾರ್ಕಿನ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಕಪ್ಪು ವಿದ್ಯಾರ್ಥಿಗಳಿಗೆ ಮೀಸಲಾಗಿದ್ದ ಬೆಂಜಮಿನ್ ಬ್ಯಾನೆಕರ್ ಸ್ಕಾಲರ್‌ಶಿಪ್ ಇತ್ತು. ಅದನ್ನು ಪ್ರಶ್ನಿಸಿದ ಪ್ರಕರಣದಲ್ಲಿ 1994ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಅಂಥ ಮೀಸಲು ಸಲ್ಲದೆಂದಿತು. ಮರುವರ್ಷ ಸುಪ್ರೀಂ ಕೋರ್ಟ್ ಅದನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. 1996ರಿಂದ ಮೇಯರ್‌ಹಾಫ್ ಎಲ್ಲ ಜನಾಂಗದವರಿಗೂ ತೆರೆದುಕೊಂಡಿತು. ಗುರಿಯನ್ನು ಬಿಡಲಿಲ್ಲ: ವಿಜ್ಞಾನದಲ್ಲಿ ಕಾಣಿಸದ ಸಮುದಾಯಗಳ ಮಕ್ಕಳು ಮೇಲೆ ಬರಬೇಕೆಂಬ ಕಳಕಳಿ ಇರುವ ಯಾರಾದರೂ ಅರ್ಜಿ ಹಾಕಬಹುದು. ತೀರ್ಪಿನ ಬಗ್ಗೆ ನನಗೆ ಬೇಸರವಿದೆ. ಬೀಗ ಹಾಕಿದವರೇ ಬೀಗದ ಕೈ ಹಂಚುವಾಗ ಸಮಾನತೆಯ ಮಾತಾಡಿದಂತೆ ಅದು ನನಗೆ ಕಾಣುತ್ತದೆ. ಆದರೆ ಆ ಸಂಕಟದಲ್ಲಿ ಸಂಸ್ಥೆ ನಡೆದುಕೊಂಡ ರೀತಿಯನ್ನು ಮೆಚ್ಚಲೇಬೇಕು; ಬಾಗಿಲು ಅಗಲವಾಯಿತು, ಒಳಗಿನ ಮನೆ ಬದಲಾಗಲಿಲ್ಲ.

ಫಲಿತಾಂಶಗಳ ಬಗ್ಗೆ ಬಹಳ ಬರೆಯಬಹುದು. ಯುಎಂಬಿಸಿಯ ಮನೋವಿಜ್ಞಾನಿ ಕೆನೆತ್ ಮೇಟನ್ ಮತ್ತು ಸಂಗಡಿಗರು ವರ್ಷಗಟ್ಟಲೆ ಇದರ ಬೆನ್ನು ಹತ್ತಿ ಅಧ್ಯಯನ ಮಾಡಿದ್ದಾರೆ. ಮೇಯರ್‌ಹಾಫ್‌ಗೆ ಆಯ್ಕೆಯಾಗಿಯೂ ಬೇರೆ ಕಾಲೇಜಿಗೆ ಹೋದವರಿಗೆ ಹೋಲಿಸಿದರೆ, ಇಲ್ಲಿಗೆ ಬಂದವರು ವಿಜ್ಞಾನದ ಸಂಶೋಧನಾ ಪದವಿಗೆ ಸೇರುವ ಸಂಭವ ಸುಮಾರು ಐದು ಪಟ್ಟು ಹೆಚ್ಚು ಎಂದು ಅವರು ಕಂಡರು. ಈ ಹೋಲಿಕೆ ನನಗೆ ಮುಖ್ಯವೆನಿಸುತ್ತದೆ: ಎರಡೂ ಕಡೆಯವರು ಅಷ್ಟೇ ಜಾಣರು, ಆಯ್ಕೆ ಸಮಿತಿಯ ಕಣ್ಣಿನಲ್ಲಿ ಒಂದೇ. ಪದವೀಧರರ ಸಂಖ್ಯೆ ಈಗ ಸಾವಿರ ದಾಟಿದೆ. ವೈದ್ಯ ಪದವಿ, ಪಿಎಚ್‌ಡಿ ಎರಡನ್ನೂ ಜೊತೆಗೆ ಪಡೆಯುವ ಕಪ್ಪು ವಿದ್ಯಾರ್ಥಿಗಳನ್ನು ಈ ದೇಶದಲ್ಲಿ ಅತಿ ಹೆಚ್ಚು ತಯಾರು ಮಾಡಿದ ಕಾಲೇಜು ಎಂಬ ಹೆಸರು ಯುಎಂಬಿಸಿಗೆ ಬಂದಿದೆ. ಅಮೆರಿಕದ ಸರ್ಜನ್ ಜನರಲ್ ಆಗಿದ್ದ ಜೆರೋಮ್ ಆಡಮ್ಸ್, ಡ್ಯೂಕ್ ವಿಶ್ವವಿದ್ಯಾಲಯದ ಮಿದುಳು ವಿಜ್ಞಾನಿ ಕಾಫುಯಿ ಜಿರಾಸಾ ಇಲ್ಲಿಯವರು. 2020ರಲ್ಲಿ ನಾವೆಲ್ಲ ಬಾಗಿಲು ಹಾಕಿಕೊಂಡು ಕೂತಿದ್ದಾಗ, ಮಾಡರ್ನಾ ಲಸಿಕೆಗೆ ಬುನಾದಿ ಹಾಕಿದ ಸರ್ಕಾರಿ ಪ್ರಯೋಗಾಲಯದ ತಂಡದಲ್ಲಿ ಮುಂಚೂಣಿಯಲ್ಲಿದ್ದ ಕಿಜ್ಮೆಕಿಯಾ ಕಾರ್ಬೆಟ್ ನಾರ್ತ್ ಕ್ಯಾರೊಲಿನಾದ ಸಣ್ಣ ಊರಿನಿಂದ ಬಂದು 2008ರಲ್ಲಿ ಇಲ್ಲಿ ಪದವಿ ಪಡೆದವರು. ನನ್ನ ತೋಳಿಗೆ ಆ ಲಸಿಕೆ ಚುಚ್ಚಿದ ದಿನ ಆ ಖಾಲಿ ಕ್ಯಾಂಪಸ್ಸಿನ ಬೆಳಗು ನೆನಪಾಗಿತ್ತು.

ಹೊರಜಗತ್ತಿಗೆ ಯುಎಂಬಿಸಿ ಗೊತ್ತಾದದ್ದು 2018ರ ಮಾರ್ಚಿನಲ್ಲಿ, ಬ್ಯಾಸ್ಕೆಟ್‌ಬಾಲ್‌ನಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ತಂಡವನ್ನು 74-54ರಿಂದ ಸೋಲಿಸಿದಾಗ. ವಿದ್ಯಾಲೋಕಕ್ಕೆ ಅದು ಮೊದಲೇ ಗೊತ್ತಿತ್ತು. ಪೆನ್ ಸ್ಟೇಟ್, ಚಾಪೆಲ್ ಹಿಲ್‌ನ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯಗಳು ಈ ಮಾದರಿಯನ್ನು ತಮ್ಮಲ್ಲಿಗೆ ಒಯ್ದವು. ಆಮೇಲೆ ಬರ್ಕ್ಲಿಯೂ ಇದನ್ನು ಕೈಗೆತ್ತಿಕೊಂಡಿತು. ಟ್ರೀಸ್ಮನ್ ಹಾಸ್ಟೆಲ್ ಕೋಣೆಗಳ ಬಾಗಿಲು ತಟ್ಟಿದ ಅದೇ ಊರು. ಅವರು ಅಷ್ಟು ಹೊತ್ತಿಗೆ ಟೆಕ್ಸಸ್ಸಿನ ಆಸ್ಟಿನ್‌ನಲ್ಲಿ ನೆಲೆಸಿದ್ದರು. ಹ್ರಬೌಸ್ಕಿ 1992ರಿಂದ 2022ರವರೆಗೆ, ಮೂವತ್ತು ವರ್ಷ, ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದು ನಿವೃತ್ತರಾದರು.

ನಮ್ಮವರ ಮಕ್ಕಳು ಅನೇಕರು ಈ ಕ್ಯಾಂಪಸ್ಸಿನಲ್ಲಿ ಓದುತ್ತಾರೆ. ಅಪ್ಪ ಎಂಜಿನಿಯರ್, ಅಮ್ಮ ಡಾಕ್ಟರ್, ಅಡುಗೆಮನೆಯ ಮೇಜೇ ಟ್ಯೂಷನ್ ಕ್ಲಾಸು. ನಮ್ಮ ಮಕ್ಕಳಿಗೆ ಗಣಿತ ರಕ್ತದಲ್ಲೇ ಇದೆ ಎಂದು ಪಿಕ್ನಿಕ್ಕುಗಳಲ್ಲಿ ನಾವು ಆಡಿಕೊಳ್ಳುವುದನ್ನು ಕೇಳಿದ್ದೇನೆ. ರಕ್ತದಲ್ಲಲ್ಲ, ಆ ಮೇಜಿನ ಮೇಲಿದೆ. ಎಂ-1ರ ಹತ್ತೊಂಬತ್ತು ಹುಡುಗರಿಗೆ ಇಲ್ಲಿನವರು ಹಾಕಿಕೊಟ್ಟದ್ದು ಅಂಥದ್ದೇ ಒಂದು ಮೇಜನ್ನು. ಈಚೆಗೆ ನಮ್ಮ ಬಳಗದ ಕೆಲವು ತಾಯಂದಿರು ಶನಿವಾರ ಬೆಳಿಗ್ಗೆ ಊರಿನ ಲೈಬ್ರರಿಯಲ್ಲಿ ಯಾರ ಮಕ್ಕಳಾದರೂ ಬಂದು ಕೂರಬಹುದಾದ ಗಣಿತದ ಮೇಜು ಶುರು ಮಾಡಿದ್ದಾರೆ. ಒಂಬತ್ತೂವರೆಗೆ ಬನ್ನಿ, ಕುರ್ಚಿಗಳಿವೆ.

ಮೇಲೆ ಹೇಳಿದ ಬ್ಯಾನೆಕರ್ ಎಂಬ ಹೆಸರು ಕೋರ್ಟಿನ ಕಡತದಲ್ಲಿ ಕಳೆದುಹೋಗಬಾರದು. 1731ರಲ್ಲಿ ಹುಟ್ಟಿದ ಬೆಂಜಮಿನ್ ಬ್ಯಾನೆಕರ್ ಬಾಳಿದ ಜಮೀನು ಯುಎಂಬಿಸಿಯಿಂದ ಕೆಲವೇ ಮೈಲಿ ದೂರದ ಓಯೆಲ್ಲಾದಲ್ಲಿದೆ. ಸ್ವತಂತ್ರ ಕಪ್ಪು ರೈತ. ಶಾಲೆಯ ಓದು ಬಹಳ ಕಡಿಮೆ. ಯೌವನದಲ್ಲಿ ಮರದಲ್ಲಿ ಗಡಿಯಾರ ಕೆತ್ತಿದವರು. ನಡುವಯಸ್ಸು ದಾಟಿದ ಮೇಲೆ ನೆರೆಯ ಜಾರ್ಜ್ ಎಲಿಕಾಟ್ ಖಗೋಳದ ಪುಸ್ತಕಗಳನ್ನು, ಉಪಕರಣಗಳನ್ನು, ಅವನ್ನಿಡಲು ಒಂದು ಮೇಜನ್ನು ಎರವಲು ಕೊಟ್ಟರು. ಅಷ್ಟರಿಂದ ತಾವೇ ಕಲಿತು ಗ್ರಹಣಗಳನ್ನು ಲೆಕ್ಕಹಾಕಿದರು, ಪಂಚಾಂಗ ಪ್ರಕಟಿಸಿದರು, ಅದರ ಹಸ್ತಪ್ರತಿಯನ್ನು 1791ರಲ್ಲಿ ಥಾಮಸ್ ಜೆಫರ್ಸನ್ ಅವರಿಗೆ ಕಳಿಸಿ ಗುಲಾಮಗಿರಿಯ ಬಗ್ಗೆ ನೇರವಾಗಿ ಪ್ರಶ್ನಿಸಿದರು. ನೆರೆಹೊರೆಯವರೊಡನೆ ಗಣಿತದ ಒಗಟುಗಳನ್ನು ವಿನಿಮಯ ಮಾಡಿಕೊಳ್ಳುವುದೆಂದರೆ ಅವರಿಗೆ ಇಷ್ಟ. 1806ರ ಅಕ್ಟೋಬರಿನಲ್ಲಿ ತೀರಿಕೊಂಡರು. ಅವರನ್ನು ಮಣ್ಣು ಮಾಡುತ್ತಿದ್ದ ದಿನವೇ ಮರದ ಮನೆಗೆ ಬೆಂಕಿ ಬಿದ್ದು ಎಲ್ಲವೂ ಸುಟ್ಟುಹೋಯಿತು. ಅವರ ಲೆಕ್ಕದ ಪುಸ್ತಕ ಉಳಿಯಿತು. ಅವರು ಮೊದಲೇ ಹೇಳಿಟ್ಟಿದ್ದಂತೆ, ಸಾವಿನ ಬೆನ್ನಲ್ಲೇ ಸೋದರಳಿಯ ಅದನ್ನೂ ಆ ಎರವಲು ಮೇಜನ್ನೂ ಗಾಡಿಯಲ್ಲಿ ಹೇರಿಕೊಂಡು ಎಲಿಕಾಟರ ಮನೆಗೆ ತಲುಪಿಸಿದ್ದ.